ತಾರೀಕು ಸಡಿಲ ಬಿಡಿ, ಟಿಕೆಟ್ ಒಂದೇ ಇರಲಿ

ರಜೆಗೆ ದೂರದ ದೇಶ ನೋಡಬೇಕು, ಟಿಕೆಟ್ ಮಾತ್ರ ಕೈಗೆಟುಕುತ್ತಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಹೇಳುತ್ತವೆ. ಬಸವನಗುಡಿಯ ಒಂದು ಟ್ರಾವೆಲ್ ಆಫೀಸಿನ ಟಿಕೆಟ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ದರ ಯಾಕೆ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಅಲ್ಲೇ ಕಲಿತೆ. ಹಾಗಾಗಿ ಇವತ್ತಿನ ಪುಟ ಪೂರ್ತಿ ವಿಮಾನದ ಟಿಕೆಟ್‌ಗೆ. ವೀಸಾ ನಿಯಮಗಳು, ಯಾವ ವಿಮಾನ ಎಲ್ಲಿಗೆ ಹಾರುತ್ತದೆ ಅನ್ನುವುದೆಲ್ಲ ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೂ ವಿಮಾನ ಕಂಪನಿಯ ವೆಬ್‌ಸೈಟನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾನು, ನನ್ನ ಮನೆಯವರು ಇಬ್ಬರೂ ನಿವೃತ್ತರು. ರೋಮ್, ಸ್ವಿಟ್ಜರ್ಲೆಂಡ್, ಪ್ಯಾರಿಸ್ ನೋಡಬೇಕೆಂದು ಬಹಳ ವರ್ಷದ ಆಸೆ. ಎಲ್ಲರೂ ಮೇ ತಿಂಗಳಲ್ಲಿ ಹೋಗುತ್ತಾರಲ್ಲ ಎಂದು ನಾವೂ ಮೇಗೇ ವಿಚಾರಿಸಿದೆವು. ದರ ಕೇಳಿ ಸುಮ್ಮನಾದೆವು. ಕಡಿಮೆಯಲ್ಲಿ ಹೋಗುವ ದಾರಿ ಇದೆಯೇ?
– ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಶಿರಸಿ

ಉತ್ತರ: ಮೇಷ್ಟ್ರೇ, ಎಲ್ಲರೂ ಹೋಗುತ್ತಾರೆ ಅನ್ನುವ ಕಾರಣಕ್ಕೇ ಮೇ ದುಬಾರಿ. ಮಕ್ಕಳಿಗೆ ಶಾಲೆ ರಜೆ, ಇಲ್ಲಿ ಸೆಕೆ. ಇಡೀ ದೇಶದ ಸಂಸಾರಗಳು ಅದೇ ನಾಲ್ಕಾರು ವಾರಗಳಲ್ಲಿ ಹೊರಡುತ್ತವೆ. ನಿಮಗೆ ಶಾಲೆಯ ಗಂಟೆ ಇಲ್ಲ, ರಜೆ ಅರ್ಜಿ ಹಾಕಬೇಕಾಗಿಲ್ಲ. ಟಿಕೆಟ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ದಯವಿಟ್ಟು ಅದನ್ನು ಬಳಸಿಕೊಳ್ಳಿ.

ನನ್ನ ಸಲಹೆ ಸೆಪ್ಟೆಂಬರ್‌ನ ಎರಡನೇ ಭಾಗ. ಯುರೋಪಿನ ಮಕ್ಕಳು ಶಾಲೆಗೆ ವಾಪಸಾಗಿರುತ್ತಾರೆ, ನಮ್ಮ ದಸರಾ ರಜೆಯ ನೂಕುನುಗ್ಗಲು ಹೆಚ್ಚಿನ ವರ್ಷ ಇನ್ನೂ ಶುರುವಾಗಿರುವುದಿಲ್ಲ. ಹಗಲು ಸಾಕಷ್ಟು ಉದ್ದ ಇರುತ್ತದೆ, ಚಳಿಯೂ ಹದವಾಗಿರುತ್ತದೆ. ನವೆಂಬರ್‌ನಲ್ಲಿ ದರ ಇನ್ನೂ ಇಳಿಯುತ್ತದೆ ನಿಜ. ಆದರೆ ಸ್ವಿಟ್ಜರ್ಲೆಂಡಿನ ಬೆಟ್ಟಗಳ ಕೇಬಲ್ ಕಾರುಗಳಲ್ಲಿ ಹಲವು ಆ ತಿಂಗಳು ರಿಪೇರಿಗೆಂದು ಮುಚ್ಚುತ್ತವೆ. ಅಷ್ಟು ದೂರ ಹೋಗಿ ಬೆಟ್ಟ ಹತ್ತದೆ ಬಂದರೆ ಬೇಜಾರಲ್ವಾ?

ದರ ನೋಡಲು ಗೂಗಲ್ ಫ್ಲೈಟ್ಸ್ ತೆರೆದು ತಾರೀಕಿನ ಚೌಕ ಒತ್ತಿ. ಕ್ಯಾಲೆಂಡರ್ ಬರುತ್ತದೆ. ಸ್ವಲ್ಪ ಹೊತ್ತು ಕಾದರೆ ಒಂದೊಂದು ದಿನದ ಕೆಳಗೆ ಒಂದೊಂದು ದರ ಕಾಣುತ್ತದೆ. ಶುಕ್ರವಾರಕ್ಕೂ ಬುಧವಾರಕ್ಕೂ ಎಷ್ಟು ಫರಕು ಎಂದು ನಿಮ್ಮ ಕಣ್ಣಿಗೇ ಬೀಳುತ್ತದೆ. ಸ್ಕೈಸ್ಕ್ಯಾನರ್‌ನಲ್ಲಿ ಇಡೀ ತಿಂಗಳನ್ನು ಒಟ್ಟಿಗೆ ನೋಡಬಹುದು. ಇವೆರಡೂ ಟಿಕೆಟ್ ಮಾರುವುದಿಲ್ಲ, ಎಲ್ಲಿ ಎಷ್ಟಿದೆ ಎಂದು ತೋರಿಸುತ್ತವೆ ಅಷ್ಟೆ. ಬೇಕಾದ ತಾರೀಕಿಗೆ ಅಲರ್ಟ್ ಇಟ್ಟರೆ ದರ ಬದಲಾದಾಗ ಮೇಲ್ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ನೀವು ಬೆಂಗಳೂರು–ರೋಮ್–ಬೆಂಗಳೂರು ಎಂದು ಹುಡುಕಿರುತ್ತೀರಿ. ಹಾಗೆ ಮಾಡಿದರೆ ಪ್ಯಾರಿಸ್ ನೋಡಿದ ಮೇಲೆ ಮತ್ತೆ ರೋಮ್‌ಗೆ ವಾಪಸ್ ಹೋಗಬೇಕು. ಒಂದು ದಿನವೂ ಹೋಯಿತು, ದುಡ್ಡೂ ಹೋಯಿತು. ಅದರ ಬದಲು ‘ಮಲ್ಟಿ ಸಿಟಿ’ ಆರಿಸಿ. ಹೋಗುವಾಗ ಬೆಂಗಳೂರಿನಿಂದ ರೋಮ್, ಬರುವಾಗ ಪ್ಯಾರಿಸ್‌ನಿಂದ ಬೆಂಗಳೂರು. ನಡುವೆ ರೈಲು. ರೋಮ್‌ನಿಂದ ಮಿಲಾನ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಮಿಲಾನ್‌ನಿಂದ ಆಲ್ಪ್ಸ್ ದಾಟಿ ಜ್ಯೂರಿಕ್‌ಗೆ ಸುಮಾರು ಮೂರೂವರೆ. ಜ್ಯೂರಿಕ್‌ನಿಂದ ಪ್ಯಾರಿಸ್‌ಗೆ ನಾಲ್ಕು ಗಂಟೆ ಆಸುಪಾಸು. ಎಲ್ಲೂ ಹಿಂದಕ್ಕೆ ಬರುವ ಕೆಲಸವಿಲ್ಲ.

ಆದರೆ ಇದನ್ನು ಎರಡು ಒನ್‌ವೇ ಟಿಕೆಟ್ ಮಾಡಿಕೊಂಡು ಮಾಡಬೇಡಿ. ದೂರದ ಪ್ರಯಾಣದಲ್ಲಿ ದೊಡ್ಡ ಕಂಪನಿಗಳ ಒನ್‌ವೇ ದರ ಹೋಗಿಬರುವ ದರದ ಅರ್ಧ ಇರುವುದಿಲ್ಲ. ಎಷ್ಟೋ ಸಲ ಪೂರ್ತಿ ದರದ ಹತ್ತಿರ ಹತ್ತಿರ ಬಂದುಬಿಡುತ್ತದೆ. ಮಲ್ಟಿ ಸಿಟಿಯಲ್ಲಿ ಎರಡೂ ಒಂದೇ ಟಿಕೆಟ್, ಒಂದೇ ಪಿಎನ್‌ಆರ್.

ವೀಸಾ ಬಗ್ಗೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಶೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರಾ ಕೊನೆ ಅಂದರೆ 15 ದಿನ. ಅಲ್ಲಿವರೆಗೆ ಕಾಯಲೇಬೇಡಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೋ, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯುರೋ ಚಿಕಿತ್ಸಾ ವೆಚ್ಚ ಭರಿಸುವ ಇನ್ಶೂರೆನ್ಸ್ ಬೇಕು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ. ಎಲ್ಲ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ, ಅಂದರೆ ನಿಮಗೆ ಇಟಲಿಗೆ. ಅರ್ಜಿಗೆ ಟಿಕೆಟ್ ರಿಸರ್ವೇಷನ್ ತೋರಿಸಬೇಕು, ನಿಜ. ಅದಕ್ಕಾಗಿ ರಿಫಂಡ್ ಇಲ್ಲದ ಅಗ್ಗದ ಟಿಕೆಟ್ ಕೊಳ್ಳಬೇಡಿ. ಒಂದಷ್ಟು ಜಾಸ್ತಿ ಕೊಟ್ಟು ರದ್ದು ಮಾಡಬಹುದಾದ ಟಿಕೆಟ್ ತೆಗೆದುಕೊಳ್ಳಿ, ಇಲ್ಲವೇ ನಂಬಿಕಸ್ಥ ಏಜೆಂಟರಿಂದ ಸೀಟು ಹೋಲ್ಡ್ ಮಾಡಿಸಿ.

ಪ್ರಶ್ನೆ: ದಸರಾ ರಜೆಗೆ ಸಿಡ್ನಿಯಲ್ಲಿರುವ ನನ್ನ ಅಣ್ಣನ ಮನೆಗೆ ಹೊರಟಿದ್ದೇವೆ. ನಾನು, ನನ್ನ ಯಜಮಾನರು, ಅತ್ತೆ, 9 ವರ್ಷದ ಮಗ, ಜೊತೆಗೆ ಪಾಪು. ಒಬ್ಬರಿಗೆ ಹುಡುಕಿದರೆ ಒಂದು ದರ ತೋರಿಸುತ್ತದೆ. ಎಲ್ಲರನ್ನೂ ಸೇರಿಸಿದ ಕೂಡಲೇ ತಲಾ ದರವೇ ಏರುತ್ತದೆ. ಇದೇನು ಮೋಸವೇ? ಅಂದಹಾಗೆ ಪಾಪುವಿಗೆ ಅಲ್ಲಿರುವಾಗಲೇ ಎರಡು ವರ್ಷ ತುಂಬುತ್ತದೆ.
– ಗೃಹಿಣಿ, ದಾವಣಗೆರೆ

ಉತ್ತರ: ಮೋಸ ಅಲ್ಲಮ್ಮ. ಆದರೆ ಗೊತ್ತಿಲ್ಲದವರ ಜೇಬಿನಿಂದ ಜಾಸ್ತಿ ಹೋಗುವುದು ಮಾತ್ರ ನಿಜ. ಬಿಡಿಸಿ ಹೇಳುತ್ತೇನೆ.

ಎಕಾನಮಿಯಲ್ಲಿ ಕೂರುವ ಎಲ್ಲರ ಸೀಟೂ ಒಂದೇ ಥರ ಕಂಡರೂ ದರ ಒಂದೇ ಅಲ್ಲ. ಕಂಪನಿಯವರು ಆ ಸೀಟುಗಳನ್ನು ಹಲವು ದರ್ಜೆಗಳಾಗಿ ಹಂಚಿರುತ್ತಾರೆ. ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ನಮ್ಮ ಕೌಂಟರಿನ ಸ್ಕ್ರೀನ್ ಮೇಲೆ ಆ ಅಕ್ಷರಗಳು ಸಾಲಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ಒಂದೊಂದು ಅಂಕಿ. ಆ ದರ್ಜೆಯಲ್ಲಿ ಇನ್ನೆಷ್ಟು ಸೀಟು ಮಾರಬಹುದು ಎಂದು ಆ ಅಂಕಿ ಹೇಳುತ್ತದೆ. 9 ಅಂದರೆ ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ಇವೆ. 2 ಅಂದರೆ ಎರಡೇ. ಅಗ್ಗದ ದರ್ಜೆ ಮುಗಿದರೆ ಮುಂದಿನದು ತೆರೆಯುತ್ತದೆ.

ಈಗ ಒಂದು ಉದಾಹರಣೆ. 48,000 ರೂಪಾಯಿಯ ದರ್ಜೆಯಲ್ಲಿ ಎರಡೇ ಸೀಟು ಉಳಿದಿವೆ ಎನ್ನಿ. ಮುಂದಿನದು 56,000. ನೀವು ನಾಲ್ಕು ಸೀಟು ಕೇಳಿದ ತಕ್ಷಣ ಕಂಪ್ಯೂಟರ್ ನಾಲ್ಕೂ ಒಟ್ಟಿಗೆ ಸಿಗುವ ದರ್ಜೆಯನ್ನು ಹುಡುಕುತ್ತದೆ. ನಾಲ್ವರಿಗೂ 56,000 ಹಾಕುತ್ತದೆ. ಒಟ್ಟು 2,24,000. ಎರಡು ಎರಡಾಗಿ ಬುಕ್ ಮಾಡಿದರೆ ಮೊದಲ ಇಬ್ಬರಿಗೆ 96,000, ಉಳಿದಿಬ್ಬರಿಗೆ 1,12,000. ಒಟ್ಟು 2,08,000. ಅದೇ ವಿಮಾನ, ಅದೇ ಊಟ, 16,000 ಉಳಿಯಿತು.

ಹಾಗಾಗಿ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಮೂವರಿಗೆ. ಎಲ್ಲಿ ದರ ಏರುತ್ತದೋ ಅಲ್ಲಿ ಗುಂಪು ಒಡೆಯಿರಿ. ಆದರೆ ಒಡೆಯುವುದನ್ನು ಯೋಚಿಸಿ ಮಾಡಿ. ನೀವು, ಮಗ, ಪಾಪು ಒಂದು ಪಿಎನ್‌ಆರ್‌ನಲ್ಲಿ ಇರಲಿ. ಯಜಮಾನರು ಮತ್ತು ಅತ್ತೆ ಇನ್ನೊಂದರಲ್ಲಿ. ಮಕ್ಕಳನ್ನು ದೊಡ್ಡವರಿಲ್ಲದ ಪಿಎನ್‌ಆರ್‌ಗೆ ಹಾಕಲೇಬೇಡಿ. ವಯಸ್ಸಾದವರನ್ನು ಒಂಟಿ ಮಾಡಬೇಡಿ. ಬುಕ್ ಆದ ಮೇಲೆ ಕಂಪನಿಗೆ ಫೋನ್ ಮಾಡಿ, ಎರಡೂ ಪಿಎನ್‌ಆರ್ ಒಂದೇ ಸಂಸಾರದ್ದು, ಲಿಂಕ್ ಮಾಡಿ ಎಂದು ಹೇಳಿ. ವಿಮಾನ ರದ್ದಾಗಿ ಬೇರೆಯದಕ್ಕೆ ಹಾಕುವ ಪರಿಸ್ಥಿತಿ ಬಂದರೆ ನೀವು ಬೇರೆ ಬೇರೆ ಆಗಬಾರದಲ್ಲ. ಉಳಿತಾಯ ಸಾವಿರ, ಎರಡು ಸಾವಿರ ಅಷ್ಟೇ ಇದ್ದರೆ ಒಡೆಯಲೇ ಬೇಡಿ. ಒಟ್ಟಿಗಿರುವುದೇ ಮೇಲು.

ಪಾಪು ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುತ್ತದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು 10 ಪರ್ಸೆಂಟ್ ತೆಗೆದುಕೊಳ್ಳುತ್ತಾರೆ. ಆದರೆ ಎರಡು ತುಂಬಿದ ಮೇಲೆ ಸ್ವಂತ ಸೀಟು ಬೇಕೇಬೇಕು. ನಿಮ್ಮ ಪಾಪು ಹೋಗುವಾಗ ಮಡಿಲ ಮಗು, ಬರುವಾಗ ಸೀಟಿನ ಮಗು. ಇದನ್ನು ಹೇಗೆ ಬುಕ್ ಮಾಡಬೇಕು ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ. ವೆಬ್‌ಸೈಟಿನಲ್ಲಿ ತಡಕಾಡದೆ ಫೋನ್ ಮಾಡಿಯೇ ಬುಕ್ ಮಾಡಿ. ಬರುವ ದಿನ ಹೆಚ್ಚು ಕಡಿಮೆ ಮಾಡಲು ಸಾಧ್ಯವಿದ್ದರೆ ಹುಟ್ಟುಹಬ್ಬದ ಹಿಂದಿನ ದಿನವೇ ಹೊರಟುಬನ್ನಿ, ಒಂದು ಸೀಟಿನ ದುಡ್ಡು ಉಳಿಯುತ್ತದೆ.

ಆಸ್ಟ್ರೇಲಿಯಾಕ್ಕೆ ಅಣ್ಣನಿಗೆಂದು ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯುತ್ತೀರಿ, ನನಗೆ ಗೊತ್ತು. ಇಳಿಯುವ ಮುಂಚೆ ಕೊಡುವ ಕಾರ್ಡಿನಲ್ಲಿ ತಿಂಡಿಪದಾರ್ಥ ಇದೆ ಎಂದು ತಪ್ಪದೆ ಬರೆಯಿರಿ. ಬರೆದರೆ ನೋಡಿ ಬಿಡುತ್ತಾರೆ, ಬೇಡವಾದದ್ದನ್ನು ತೆಗೆದಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು.

ಪ್ರಶ್ನೆ: ಮಂಗಳವಾರ ಮಧ್ಯರಾತ್ರಿ ಟಿಕೆಟ್ ಅಗ್ಗವಂತೆ, ಹೌದೇ? ಒಂದೇ ದರವನ್ನು ಪದೇ ಪದೇ ನೋಡಿದರೆ ಏರಿಸುತ್ತಾರಂತೆ. ಅದಕ್ಕೇ ಹುಡುಕಿದ್ದರ ಗುರುತು ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡು ಎಂದು ಗೆಳತಿ ಹೇಳುತ್ತಾಳೆ.
– ಕಾಲೇಜು ಉಪನ್ಯಾಸಕಿ, ತುಮಕೂರು

ಉತ್ತರ: ಎರಡಕ್ಕೂ ಹೆದರಬೇಡಿ. ಕಂಪನಿಗಳು ದಿನಕ್ಕೆ ಹಲವು ಸಲ ದರ ಬದಲಿಸುತ್ತವೆ, ಅದಕ್ಕೆ ವಾರದ ಇಂಥದೇ ದಿನ ಎಂದಿಲ್ಲ. ನೀವು ಎರಡನೇ ಸಲ ನೋಡುವಾಗ ದರ ಏರಿದ್ದರೆ ನಡುವೆ ಯಾರೋ ಆ ಅಗ್ಗದ ಸೀಟು ಕೊಂಡಿದ್ದಾರೆ ಎಂದೇ ಸಾಮಾನ್ಯವಾಗಿ ಅರ್ಥ. ಕೊಳ್ಳುವುದು ವಾರದ ಯಾವ ದಿನವಾದರೂ ಇರಲಿ, ಹಾರುವ ದಿನ ಮಾತ್ರ ಮುಖ್ಯ.

ಪ್ರಶ್ನೆ: ನಾನು, ಇಬ್ಬರು ಗೆಳೆಯರು ಮಾರ್ಚ್ ಕೊನೆಯಲ್ಲಿ ಜಪಾನಿಗೆ ಹೋಗಿ ಚೆರ್ರಿ ಹೂವು ನೋಡುವ ಪ್ಲಾನ್ ಹಾಕಿದ್ದೇವೆ. ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನ ದುಬಾರಿ. ಕ್ವಾಲಾಲಂಪುರಕ್ಕೆ ಒಂದು ಟಿಕೆಟ್, ಅಲ್ಲಿಂದ ಒಸಾಕಾಗೆ ಇನ್ನೊಂದು ಟಿಕೆಟ್ ಮಾಡಿದರೆ ಬಹಳ ಉಳಿಯುತ್ತದೆ. ನಡುವೆ ಎರಡೂವರೆ ಗಂಟೆ ಇದೆ. ಮಾಡಬಹುದಾ ಮೇಡಂ?
– ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಯುವಕ, ಹುಬ್ಬಳ್ಳಿ

ಉತ್ತರ: ಕ್ವಾಲಾಲಂಪುರದ ದಾರಿ ಒಳ್ಳೆಯದೇ ತಮ್ಮಾ. ಎರಡೂವರೆ ಗಂಟೆ ಮಾತ್ರ ಬೇಡ.

ಎರಡು ಬೇರೆ ಟಿಕೆಟ್ ಅಂದರೆ ಎರಡನೇ ಕಂಪನಿಗೆ ನೀವು ಬೆಂಗಳೂರಿನಿಂದ ಬರುತ್ತಿರುವ ವಿಷಯವೇ ಗೊತ್ತಿರುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ಹೋಗಿಬಿಟ್ಟರೆ ನೀವು ಬರಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ದುಡ್ಡು ಹೋಯಿತು. ಬರುವ ಟಿಕೆಟ್ಟೂ ಅದರಲ್ಲೇ ಇದ್ದರೆ ಅದೂ ರದ್ದಾಗಬಹುದು. ಜೊತೆಗೆ ಕ್ವಾಲಾಲಂಪುರದಲ್ಲಿ ಇಮಿಗ್ರೇಷನ್ ದಾಟಬೇಕು, ಬೆಲ್ಟಿನಿಂದ ಬ್ಯಾಗ್ ಎತ್ತಿಕೊಳ್ಳಬೇಕು, ಹೊರಗೆ ಬಂದು ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ.

ಎರಡು ದಾರಿ ಇವೆ. ಏರ್‌ಏಷ್ಯಾದಂಥ ಕಂಪನಿಯ ವೆಬ್‌ಸೈಟಿನಲ್ಲಿ ಬೆಂಗಳೂರಿನಿಂದ ನೇರವಾಗಿ ಒಸಾಕಾ ಎಂದೇ ಹುಡುಕಿ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ, ‘ಫ್ಲೈ ಥ್ರೂ’ ಎಂದು ಬಂದರೆ ಬ್ಯಾಗ್ ಸೀದಾ ಒಸಾಕಾಗೆ ಹೋಗುತ್ತದೆ, ಕನೆಕ್ಷನ್ ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವ ಹೊಣೆ ಅವರದ್ದು. ನಾನಾದರೆ ಇದನ್ನೇ ಮಾಡುತ್ತೇನೆ. ಎರಡನೆಯ ದಾರಿ, ಬೇರೆ ಬೇರೆ ಟಿಕೆಟ್ಟೇ ಮಾಡಿ, ಆದರೆ ಕ್ವಾಲಾಲಂಪುರದಲ್ಲಿ ಒಂದು ಪೂರ್ತಿ ದಿನ ಉಳಿಯಿರಿ. ಬಾಟು ಗುಹೆಗಳಲ್ಲಿ ಮುರುಗನ ದರ್ಶನ ಆಗುತ್ತದೆ, ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಎಲೆ ಊಟ ಸಿಗುತ್ತದೆ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಎಂದಿದೆ. ಆ ರಿಯಾಯಿತಿ ನೀವು ಹೋಗುವ ತಿಂಗಳಿಗೂ ಇದೆಯಾ ನೋಡಿಕೊಳ್ಳಿ. ಹೊರಡುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದು ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

ಅಗ್ಗದ ಕಂಪನಿಗಳಲ್ಲಿ ಕೈಬ್ಯಾಗಿನ ತೂಕ ನೋಡಿ. ಏರ್‌ಏಷ್ಯಾದಲ್ಲಿ ಮೂಲ ದರಕ್ಕೆ ಎರಡು ಚೀಲ ಸೇರಿ 7 ಕೆಜಿ. ಚೆಕ್-ಇನ್ ಬ್ಯಾಗ್, ಊಟ, ಸೀಟು ಆರಿಸುವುದು ಎಲ್ಲದಕ್ಕೂ ಬೇರೆ ದುಡ್ಡು. ಬ್ಯಾಗನ್ನು ಬುಕ್ ಮಾಡುವಾಗಲೇ ಸೇರಿಸಿ. ಏರ್‌ಪೋರ್ಟಿನಲ್ಲಿ ಕೊಂಡರೆ ಬಹಳ ಜಾಸ್ತಿ. ಇದೆಲ್ಲ ಕೂಡಿಸಿ, ಕ್ವಾಲಾಲಂಪುರದ ರೂಮ್ ಬಾಡಿಗೆ ಸೇರಿಸಿ, ಆಮೇಲೆ ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೂಲಕ ಹೋಗುವ ದೊಡ್ಡ ಕಂಪನಿಯ ದರದ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಉಳಿತಾಯ ಕರಗಿಹೋಗಿರುತ್ತದೆ.

ಇನ್ನು ಹೂವಿನ ವಿಷಯ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಟೋಕಿಯೊ, ಒಸಾಕಾ, ಕ್ಯೋಟೊ ಮೂರೂ ಕಡೆ ಹೋಟೆಲ್ ದರ ಕೂಡ ಆಕಾಶದಲ್ಲಿರುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಹೂವು ಉತ್ತರಕ್ಕೆ, ಅಓಮೊರಿ, ಹೊಕ್ಕಾಯ್ಡೊ ಕಡೆಗೆ ಸರಿದಿರುತ್ತದೆ. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಅವರ ಗೋಲ್ಡನ್ ವೀಕ್. ಆ ವಾರ ತಪ್ಪಿಸಿ. ಏಪ್ರಿಲ್ 20ರ ಆಸುಪಾಸು ಉತ್ತರದ ಸೆಂಡಾಯ್ ಮೇಲಿನ ಊರುಗಳಿಗೆ ಹೋಗುವ ಹಾಗೆ ಇಟ್ಟುಕೊಂಡರೆ ಹೂವೂ ಸಿಗುವ ಸಾಧ್ಯತೆ ಇದೆ, ಜೇಬಿಗೂ ಹಗುರ.

ಹುಬ್ಬಳ್ಳಿಯಿಂದ ಬರುವ ರೈಲನ್ನು ವಿಮಾನದ ದಿನಕ್ಕೇ ತಗುಲಿಸಬೇಡಿ. ದೇವನಹಳ್ಳಿ ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರ್. ಸಂಜೆ ಟ್ರಾಫಿಕ್‌ನಲ್ಲಿ ವಾಯುವಜ್ರ ಬಸ್ಸಿಗೂ ಎರಡು ಗಂಟೆ ಹಿಡಿಯಬಹುದು.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಮಾಡಲು ಹೋದರೆ ಸರ್‌ನೇಮ್ ತುಂಬದೆ ಮುಂದೆ ಹೋಗುವುದಿಲ್ಲ. ಅಪ್ಪನ ಇನಿಷಿಯಲ್ ಹಾಕಲೇ?
– ಸ್ಟಾಫ್ ನರ್ಸ್, ಹಾಸನ

ಉತ್ತರ: ಬೇಡಮ್ಮ. ಪಾಸ್‌ಪೋರ್ಟಿನಲ್ಲಿ ಇಲ್ಲದ ಒಂದು ಅಕ್ಷರವನ್ನೂ ನಾವಾಗಿಯೇ ಟಿಕೆಟ್‌ಗೆ ಸೇರಿಸಬಾರದು. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡು ಬದುಕಿದವರೇ ಜಾಸ್ತಿ, ಹಾಗಾಗಿ ಈ ತೊಡಕು ಕೌಂಟರಿಗೆ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಹೆಚ್ಚಿನ ಕಂಪನಿಗಳು ಇರುವ ಒಂದೇ ಹೆಸರನ್ನು ಎರಡೂ ಜಾಗದಲ್ಲಿ ಬರೆಯಲು ಹೇಳುತ್ತವೆ. ಕೆಲವು ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಥವಾ ಎಲ್‌ಎನ್‌ಯು (ಕೊನೆಯ ಹೆಸರು ಗೊತ್ತಿಲ್ಲ) ಎಂದು ತುಂಬಲು ಹೇಳುತ್ತವೆ. ಯಾವ ಕಂಪನಿಯೋ ಅವರ ವೆಬ್‌ಸೈಟಿನ ಸೂಚನೆ ಓದಿ, ಅನುಮಾನ ಇದ್ದರೆ ಕೇಳಿ, ಆಮೇಲೆ ದುಡ್ಡು ಕಟ್ಟಿ. ಅಗ್ಗದ ಟಿಕೆಟ್‌ನಲ್ಲಿ ಹೆಸರು ತಿದ್ದಿಸುವುದು ಹೊಸ ಟಿಕೆಟ್ ಕೊಂಡಷ್ಟೇ ಖರ್ಚಾಗಬಹುದು.

ದುಬೈ, ಅಬುಧಾಬಿಗಳಲ್ಲಿ ಇಳಿದು ಊರು ನೋಡುವ ಆಸೆ ಇದ್ದರೆ ಇನ್ನೂ ಜಾಗ್ರತೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಟೂರಿಸ್ಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟ್ ರಿನ್ಯೂ ಮಾಡಿಸುವಾಗ ಹೆಸರನ್ನು ಎರಡು ಭಾಗ ಮಾಡಿಸಿ ಸರ್‌ನೇಮ್ ಜಾಗ ತುಂಬಿಸಿಬಿಡಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗುವ ಕೆಲಸವೇ.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಆಗಸ್ಟ್‌ನಲ್ಲಿ ಬಾ, ನಯಾಗರ ತೋರಿಸುತ್ತೇನೆ ಅನ್ನುತ್ತಾಳೆ. ಅವಳು ನೋಡಿದ ಅಗ್ಗದ ಟಿಕೆಟ್‌ನಲ್ಲಿ ಎರಡು ಕಡೆ ಇಳಿಯಬೇಕು. ಲಂಡನ್ನಿನಲ್ಲಿ ಒಂದು ಏರ್‌ಪೋರ್ಟಿನಿಂದ ಇನ್ನೊಂದಕ್ಕೆ ಹೋಗಬೇಕಂತೆ. ನನಗೆ 64. ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊಣಕಾಲು ನೋವು. ಮಗಳಿಗೆ ಖರ್ಚು ಮಾಡಿಸಲು ಮನಸ್ಸಿಲ್ಲ.
– ತಾಯಿಯೊಬ್ಬರು, ಮಂಡ್ಯ

ಉತ್ತರ: ಅಮ್ಮ, ಈ ಉತ್ತರವನ್ನು ಹಾಗೇ ಫೋಟೋ ತೆಗೆದು ಮಗಳಿಗೆ ಕಳಿಸಿ.

ಮಗಳೇ, ಆ ಟಿಕೆಟ್ ಬೇಡ. ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತುವುದು ಅಂದರೆ ಬ್ರಿಟನ್ ಇಮಿಗ್ರೇಷನ್ ದಾಟಿ, ಸೂಟ್‌ಕೇಸ್ ಎಳೆದುಕೊಂಡು, ಒಂದು ಗಂಟೆಗೂ ಮೇಲೆ ಬಸ್ಸಿನಲ್ಲಿ ಕೂತು, ಮತ್ತೆ ಚೆಕ್-ಇನ್ ಮಾಡುವುದು. ಅಮೆರಿಕದ ವೀಸಾ ಇದ್ದವರಿಗೆ ಬ್ರಿಟನ್ ಕೆಲವು ರಿಯಾಯಿತಿ ಕೊಡುತ್ತದೆ. ಆದರೂ ಒಳಗೆ ಬಿಡುವುದು ಆ ಹೊತ್ತಿನ ಅಧಿಕಾರಿಗೆ ಬಿಟ್ಟದ್ದು. ಅಮ್ಮನನ್ನು ಒಬ್ಬಳೇ ಆ ಕೌಂಟರಿನ ಮುಂದೆ ನಿಲ್ಲಿಸಬೇಡ.

ತಾರೀಕು ಬದಲಿಸು. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಇಲ್ಲಿಂದ ಅಮೆರಿಕಕ್ಕೆ ಓದಲು ಹೊರಡುವ ಮಕ್ಕಳ ದಂಡೇ ಇರುತ್ತದೆ. ಹೋಗುವ ದಿಕ್ಕಿನ ಸೀಟಿಗೆ ಬೆಂಕಿ ಬೆಲೆ. ಸೆಪ್ಟೆಂಬರ್ ಎರಡನೇ ವಾರದ ನಂತರ ಕರೆಸಿಕೊಂಡರೆ ಅಗ್ಗವೂ ಹೌದು, ಅಕ್ಟೋಬರ್‌ನಲ್ಲಿ ನಯಾಗರದ ಸುತ್ತ ಮರಗಳೆಲ್ಲ ಕೆಂಪಾಗಿ ನೋಡಲು ಚೆಂದವೂ ಹೌದು. ಉಳಿದ ದುಡ್ಡಿನಲ್ಲಿ ಒಂದೇ ಸ್ಟಾಪ್ ಇರುವ, ಒಂದೇ ಪಿಎನ್‌ಆರ್‌ನ ಟಿಕೆಟ್ ಬರುತ್ತದೆ. ನಡುವೆ ಮೂರು ನಾಲ್ಕು ಗಂಟೆ ಇರಲಿ. ಒಂದೂವರೆ ಗಂಟೆಯ ಕನೆಕ್ಷನ್ ವೀಲ್‌ಚೇರ್‌ನವರಿಗೆ ಸಾಲದು.

ಅಬುಧಾಬಿ ಮೂಲಕ ಎತಿಹಾದ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗುವವರಿಗೆ ಒಂದು ಅನುಕೂಲ ಇದೆ. ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಬುಧಾಬಿಯಲ್ಲೇ ಮುಗಿಯುತ್ತದೆ. ನ್ಯೂಯಾರ್ಕ್‌ನಲ್ಲಿ ಇಳಿದರೆ ಬ್ಯಾಗ್ ತೆಗೆದುಕೊಂಡು ಹೊರಗೆ ಬರುವುದಷ್ಟೆ. ದಿಲ್ಲಿ ಮೂಲಕವೂ ನೋಡು. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಏರ್ ಇಂಡಿಯಾದ ಪ್ರಯಾಣದ ಅವಧಿ ಹೆಚ್ಚಾಯಿತು, ಕೆಲವು ವಿಮಾನಗಳು ನಡುವೆ ಇಂಧನಕ್ಕೆ ಇಳಿಯಬೇಕಾಯಿತು. ಒಟ್ಟು ಎಷ್ಟು ಗಂಟೆ ಎಂದು ನೋಡಿಯೇ ಆರಿಸು.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳು, ಅದಕ್ಕೆ ದುಡ್ಡಿಲ್ಲ. ಸಸ್ಯಾಹಾರಿಯಾದರೆ ಎವಿಎಂಎಲ್ ಎಂಬ ಕೋಡ್‌ನ ಊಟ ಹಾಕಿಸು, ನಮ್ಮ ಕಡೆಯ ಅನ್ನ ಪಲ್ಯದ ರುಚಿಗೆ ಹತ್ತಿರದ್ದು ಅದೇ. ಅಮೆರಿಕಕ್ಕೆ ಹೋಗುವ ಟಿಕೆಟನ್ನು ಹೊರಡುವುದಕ್ಕೆ 7 ದಿನ ಅಥವಾ ಇನ್ನೂ ಮುಂಚೆ, ಕಂಪನಿಯಿಂದಲೇ ನೇರವಾಗಿ ಕೊಂಡರೆ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು, ಇಲ್ಲವೇ ದುಡ್ಡು ಕಟ್ಟದೆ ಆ ದರವನ್ನು ಅಷ್ಟು ಹೊತ್ತು ಹಿಡಿದಿಡಬಹುದು. ಅಮೆರಿಕ ಸರ್ಕಾರದ ನಿಯಮ ಅದು. ಆ ಒಂದು ದಿನದಲ್ಲಿ ಅಮ್ಮನ ಪಾಸ್‌ಪೋರ್ಟ್ ಪಕ್ಕ ಇಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡು.

ಅಮ್ಮ, ನೀವು ಒಂದು ಹಾಳೆಯಲ್ಲಿ ಮಗಳಿಂದ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ವಿಮಾನದ ನಂಬರ್, ಇಳಿಯುವ ಊರು, ಮಗಳ ಮನೆ ವಿಳಾಸ, ಫೋನ್, ವಾಪಸ್ ಬರುವ ತಾರೀಕು. ಅಧಿಕಾರಿ ಕೇಳಿದರೆ ಹಾಳೆ ಕೊಡಿ. ಖರ್ಚಿನ ಸಂಕೋಚ ಬಿಡಿ. ನೀವು ಸುಸ್ತಾಗದೆ ಹೋಗಿ ತಲುಪಬೇಕು, ಅದೇ ಮಗಳಿಗೂ ಬೇಕಾದದ್ದು.

ಪ್ರಶ್ನೆ: ಬೆಂಗಳೂರು–ಆಮ್‌ಸ್ಟರ್‌ಡ್ಯಾಮ್ ದರಕ್ಕಿಂತ ಆಮ್‌ಸ್ಟರ್‌ಡ್ಯಾಮ್ ಮೂಲಕ ಓಸ್ಲೋಗೆ ಹೋಗುವ ದರವೇ ಕಡಿಮೆ ಇದೆ. ಅದನ್ನೇ ಕೊಂಡು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದುಬಿಟ್ಟರೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಬ್ಯಾಗ್ ಓಸ್ಲೋಗೆ ಹೋಗುತ್ತದೆ. ಒಂದು ತುಂಡು ಪ್ರಯಾಣ ಬಿಟ್ಟ ಕೂಡಲೇ ಅದರ ಮುಂದಿನದೆಲ್ಲ, ವಾಪಸ್ ಬರುವುದೂ ಸೇರಿ, ರದ್ದಾಗುತ್ತದೆ. ಸಂಸಾರದ ರಜೆಗೆ ಇದು ತರವಲ್ಲ.

ಪ್ರಶ್ನೆ: ಆ್ಯಪ್‌ನಲ್ಲಿ ಕಂಪನಿ ದರಕ್ಕಿಂತ 1,800 ರೂಪಾಯಿ ಕಡಿಮೆ ಇದೆ. ಎಲ್ಲಿ ಕೊಳ್ಳಲಿ?
– ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ದೂರದ ಪ್ರಯಾಣಕ್ಕೆ ಕಂಪನಿಯಿಂದಲೇ ಕೊಳ್ಳಿ. 2025ರ ಜೂನ್ 23ರ ರಾತ್ರಿ ಕತಾರ್ ಇದ್ದಕ್ಕಿದ್ದಂತೆ ತನ್ನ ಆಕಾಶ ಮುಚ್ಚಿತು. ಕೆಲವೇ ಗಂಟೆ ನಿಜ, ಆದರೆ ಎಷ್ಟೋ ವಿಮಾನಗಳು ದಾರಿ ಬದಲಿಸಬೇಕಾಯಿತು, ಕನೆಕ್ಷನ್‌ಗಳು ತಪ್ಪಿದವು. ಅಂಥ ರಾತ್ರಿ ಕಂಪನಿಯಿಂದ ಕೊಂಡವರಿಗೆ ಕಂಪನಿಯ ಕೌಂಟರೇ ಉತ್ತರ ಕೊಡಬೇಕು. ಆ್ಯಪ್‌ನಲ್ಲಿ ಕೊಂಡವರನ್ನು ‘ನಿಮ್ಮ ಏಜೆಂಟರನ್ನು ಕೇಳಿ’ ಎಂದು ಕಳಿಸುವುದುಂಟು. ರಾತ್ರಿ ಎರಡು ಗಂಟೆಗೆ ಆ ಫೋನ್ ಎತ್ತುವವರು ಯಾರು? 1,800ಕ್ಕೆ ಆ ತಲೆನೋವು ಬೇಡ. ನಿಮ್ಮ ಊರಲ್ಲಿ ಪರಿಚಯದ, ಫೋನ್ ಎತ್ತುವ ಏಜೆಂಟರಿದ್ದರೆ ಅವರಿಂದ ಕೊಳ್ಳುವುದು ಒಳ್ಳೆಯದೇ.

ಆ್ಯಪ್‌ನ ಕಡಿಮೆ ದರದಲ್ಲಿ ಬ್ಯಾಗ್ ಸೇರಿದೆಯಾ ಅಂತಲೂ ನೋಡಿ. ಯುರೋಪಿನ ಕಂಪನಿಗಳು ‘ಲೈಟ್’ ಎಂಬ ಹೆಸರಿನಲ್ಲಿ ಚೆಕ್-ಇನ್ ಬ್ಯಾಗ್ ಇಲ್ಲದ ದರ ಇಟ್ಟಿರುತ್ತವೆ. ಹೋಟೆಲ್ಲೂ ಸೇರಿಸಿ ಪ್ಯಾಕೇಜ್ ಕೊಂಡರೆ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ಹಿಡಿಯುವ ತೆರಿಗೆ, ಬೀಳುತ್ತದೆ, ಬರೀ ಟಿಕೆಟ್‌ಗೆ ಬೀಳುವುದಿಲ್ಲ. ಟಿಸಿಎಸ್ ದುಡ್ಡನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ಅದು ನಿಮ್ಮ ಕೈಯಲ್ಲಿರುವುದಿಲ್ಲ.

ರಿಫಂಡ್ ಬರದೆ ಸತಾಯಿಸಿದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಿ. ಯುರೋಪಿನಿಂದ ವಾಪಸ್ ಬರುವ ವಿಮಾನ ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗೂ ಮೀರಿ ತಡವಾಗಿ ತಲುಪಿದರೆ ಯುರೋಪಿಯನ್ ಯೂನಿಯನ್ನಿನ 261ನೇ ನಿಯಮದಂತೆ ತಲಾ 600 ಯುರೋ ಪರಿಹಾರಕ್ಕೆ ನೀವು ಅರ್ಹರು. ಅಲ್ಲಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಇದು ಅನ್ವಯಿಸುತ್ತದೆ. ನಮ್ಮವರು ಬಹಳ ಜನ ಇದನ್ನು ಕೇಳುವುದೇ ಇಲ್ಲ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಪ್ರಶ್ನೆ: ಮದುವೆಯಾಗಿ 25 ವರ್ಷ ತುಂಬುತ್ತದೆ. ಇಬ್ಬರಿಗೂ ಕಾಡುಪ್ರಾಣಿ ಅಂದರೆ ಪ್ರಾಣ. ಕೀನ್ಯಾದ ಮಸಾಯ್ ಮಾರಾ ನೋಡಬೇಕು. ಮಂಗಳೂರಿನಿಂದ ದುಬೈಗೆ ಹೋಗಿ ಅಲ್ಲಿಂದ ನೈರೋಬಿಗೆ ಹೋಗುವುದು ಸರಿಯೇ?
– ದಂಪತಿ, ಕುಂದಾಪುರ

ಉತ್ತರ: ಮಂಗಳೂರು–ದುಬೈ ಒಂದು ಟಿಕೆಟ್, ದುಬೈ–ನೈರೋಬಿ ಇನ್ನೊಂದು ಅಂತಾದರೆ ಬೇಡ. ಹುಬ್ಬಳ್ಳಿಯ ಯುವಕನಿಗೆ ಹೇಳಿದ್ದೇ ನಿಮಗೂ. ನಿಮಗೆ ಮುಂಬೈ ಹತ್ತಿರದ ದಾರಿ. ಮುಂಬೈಯಿಂದ ನೈರೋಬಿಗೆ ಕೀನ್ಯಾ ಏರ್‌ವೇಸ್‌ನ ನೇರ ವಿಮಾನ ಇದೆ, ಸುಮಾರು ಆರು ಗಂಟೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುಂದಾಪುರದಲ್ಲೇ ನಿಲ್ಲುತ್ತದೆ, ಮಾರನೇ ದಿನ ಬೆಳಿಗ್ಗೆ ಮುಂಬೈ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ, ರೈಲು ತಡವಾಗುವುದೂ ಉಂಟು. ಆ ತಿಂಗಳಲ್ಲಾದರೆ ವಿಮಾನದ ಹಿಂದಿನ ದಿನವೇ ತಲುಪಿ. ಬೆಂಗಳೂರು ಅಥವಾ ಮುಂಬೈಯಿಂದ ಇಥಿಯೋಪಿಯನ್ ವಿಮಾನದಲ್ಲಿ ಅಡಿಸ್ ಅಬಾಬಾ ಮೂಲಕ ಹೋಗುವ ದರವನ್ನೂ ಪಕ್ಕದಲ್ಲಿ ಇಟ್ಟು ನೋಡಿ.

ಜುಲೈಯಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟುವ ಕಾಲ, ಸಫಾರಿ ಕ್ಯಾಂಪುಗಳ ದರ ಆಗಲೇ ಹೆಚ್ಚು. ಸಿಂಹ, ಆನೆ, ಚಿರತೆಗಳು ವರ್ಷವಿಡೀ ಅಲ್ಲೇ ಇರುತ್ತವೆ. ಜನವರಿ ಕೊನೆ, ಫೆಬ್ರವರಿ ಒಣ ಹವೆ. ನಿಮ್ಮ ತಾರೀಕು ಸಡಿಲ ಇದ್ದರೆ ಆಗ ಹೋಗಿ.

ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ, ಅಂದರೆ ಹೊರಡುವ ಮುಂಚೆ ಪಡೆಯುವ ಪ್ರಯಾಣದ ಅನುಮತಿ, ಮಾಡಿದೆ, ಆನ್‌ಲೈನ್‌ನಲ್ಲೇ ಅರ್ಜಿ. ಆದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವವರ ಹತ್ತಿರ ಆ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಏರ್‌ಪೋರ್ಟಿನಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಹಾಕಿಸಿದ 10 ದಿನದ ನಂತರವೇ ಸರ್ಟಿಫಿಕೇಟ್ ಊರ್ಜಿತ. ಸರ್ಕಾರ ಒಪ್ಪಿಗೆ ಕೊಟ್ಟ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ. ಅಲ್ಲಿ ಸ್ಲಾಟ್ ಸಿಗುವುದು ಯಾವ ದಿನ ಎಂದು ಮೊದಲು ಕೇಳಿ, ಆ ದಿನಕ್ಕೆ ಕನಿಷ್ಠ ಎರಡು ವಾರ ಕೂಡಿಸಿ, ಅದರ ಮುಂದಿನ ತಾರೀಕಿಗೆ ಟಿಕೆಟ್ ಹುಡುಕಲು ಶುರು ಮಾಡಿ.